ಮನೆಶಾಲೆಯ ಪ್ರಗತಿ ಟಿಪ್ಪಣಿ: ‘ಭಕ್ತಿ’ಯಿಂದ ‘ಸೂರ್ಯ’ನವರೆಗೆ

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿರುವ ನಾವು ಅವಳನ್ನು ಕನ್ನಡದ ಒತ್ತಕ್ಷರ ದಾಟಿಸಿದ ಕಥೆಯಿದು. ಶಾಲೆ ಬಿಡಿಸಿದ ಮೇಲೆ ಎದುರಾಗುವ ಕಾನೂನಿನ ಪ್ರಶ್ನೆ, ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ) ಹತ್ತನೆಯ ತರಗತಿಗೆ ಹೆಸರು ಬರೆಸಲು 14 ವರ್ಷ ತುಂಬಿರಬೇಕೆಂಬ ನಿಯಮ, ‘ಮುಂದೆ ಮಗುವಿನ ಗತಿಯೇನು’ ಎಂದು ಮದುವೆಮನೆಗಳಲ್ಲಿ ಹಿಡಿದು ನಿಲ್ಲಿಸುವ ನೆಂಟರಿಗೆ ಕೊಡಬೇಕಾದ ಉತ್ತರ, ಇವೆಲ್ಲ ಈ ದಾರಿ ಹಿಡಿದವರಿಗೆ ತಿಳಿದೇ ಇರುವುದರಿಂದ ಇಲ್ಲಿ ಬಿಟ್ಟಿದ್ದೇನೆ. ಅಕ್ಷರ ಕಲಿಕೆಯ ಮೊದಲ ಘಟ್ಟವೂ ಹೆಚ್ಚು ಮಾತು ಬೇಡದ ಸಂಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಕ್ರಮವನ್ನೇ ನಾವೂ ಅನುಸರಿಸಿದೆವು. ಅ ಆ ಇ ಈ ಎಂದು ಶುರುಮಾಡದೆ ‘ರ ಗ ಸ ದ ಅ’ದಿಂದ ಹೊರಟರೆ ಮಗು ಆರಂಭದಲ್ಲೇ ‘ಸರ’, ‘ದರ’, ‘ಅರಸ’, ‘ಅಗಸ’ ಎಂದು ಓದಿಬಿಡುತ್ತದೆ, ಓದಿದ್ದಕ್ಕೆ ಅರ್ಥವೂ ಇರುತ್ತದೆ. ಕಾಗುಣಿತವೂ ತಕರಾರಿಲ್ಲದೆ ಮುಗಿಯಿತು. ಗಾಡಿ ಕೆಟ್ಟು ನಿಂತದ್ದು ಒತ್ತಕ್ಷರದಲ್ಲಿ.

ಕೆಟ್ಟದ್ದು ಮೊದಲಿಗೆ ಗೊತ್ತಾಗಲೇ ಇಲ್ಲ ಎಂಬುದೇ ಇದರ ವಿಶೇಷ. ಅಕ್ಕ, ಅಣ್ಣ, ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅತ್ತೆ ಎಂದು ನಮ್ಮ ಬಂಧುಬಳಗದ ಬಹುಪಾಲು ಸಜಾತೀಯ ಒತ್ತಿನ, ಅಂದರೆ ಅದೇ ಅಕ್ಷರಕ್ಕೆ ಅದೇ ಒತ್ತಾಗುವುದರ ಮೇಲೆಯೇ ನಿಂತಿರುವುದರಿಂದ ಮಗಳು ಅವನ್ನೆಲ್ಲ ನೀರು ಕುಡಿದಂತೆ ಓದಿದಳು. ಆಮೇಲೆ ‘ಭಕ್ತಿ’ ಬಂತು. ಅದನ್ನು ಅವಳು ‘ಭಕಿತ’ ಎಂದಳು. ‘ರಾತ್ರಿ’ಯನ್ನು ‘ರಾತಿರ’ ಎಂದಳು. ಇದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವಳು ಕಂಡದ್ದನ್ನು ಕಂಡ ಹಾಗೆಯೇ ಓದುತ್ತಿದ್ದಳು. ‘ಕ್ತಿ’ಯಲ್ಲಿ ಇಕಾರದ ಚಿಹ್ನೆಯಾದ ಗುಡಿಸು ಕುಳಿತಿರುವುದು ಕಕಾರದ ತಲೆಯ ಮೇಲೆ, ತ ಒತ್ತು ಇರುವುದು ಅದರ ಕೆಳಗೆ. ಮೇಲಿನದನ್ನು ಮೊದಲು ಓದಿದರೆ ‘ಕಿ’, ಕೆಳಗಿನದು ಆಮೇಲೆ ‘ತ’. ‘ಅಜ್ಜಿ’ಯಲ್ಲಿಯೂ ಗುಡಿಸು ಮೇಲಿನ ಜಕಾರದ ಮೇಲೆಯೇ ಇದೆಯಾದರೂ ಎರಡೂ ಜಕಾರವೇ ಆದ್ದರಿಂದ, ಮತ್ತು ಆ ಪದ ನಾಲಿಗೆಗೆ ಮೊದಲೇ ಗೊತ್ತಿರುವುದರಿಂದ, ಗೊಂದಲ ಹೊರಗೆ ಬೀಳುವುದಿಲ್ಲ. ಸಜಾತೀಯ ಒತ್ತು ಮುಗಿಸಿ, ಬೇರೆ ಅಕ್ಷರ ಒತ್ತಾಗುವ ವಿಜಾತೀಯಕ್ಕೆ ಹೋಗುವುದೇ ವಾಡಿಕೆಯಾದರೂ, ಸಜಾತೀಯದಲ್ಲಿ ನೂರಕ್ಕೆ ನೂರು ಬಂದಿತೆಂದು ಯಾರೂ ಹಿಗ್ಗಬಾರದೆಂಬುದು ನನ್ನ ಅಭಿಪ್ರಾಯ.

ಸಾಮಗ್ರಿ ತರಿಸಿದರೆ ಬಗೆಹರಿದೀತೆಂಬ ಆಸೆಯಿಂದ ಮರದ ವರ್ಣಮಾಲೆಯ ಹಲಗೆಯೊಂದನ್ನು ಆನ್‌ಲೈನಿನಲ್ಲಿ ತರಿಸಿದೆವು. ಬಣ್ಣ ಚೆನ್ನಾಗಿತ್ತು, ಅಂಚು ನುಣುಪಾಗಿತ್ತು, 49 ಅಕ್ಷರಗಳೂ ಇದ್ದವು, ಜೀವಮಾನದಲ್ಲಿ ಒಮ್ಮೆಯೂ ಬೇಕಾಗದ ‘ಙ’ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಆದರೆ ಒಂದೊಂದು ಅಕ್ಷರ ಒಂದೊಂದೇ, ಕಾಗುಣಿತದ ಚಿಹ್ನೆಯಿಲ್ಲ, ಒತ್ತಂತೂ ಇಲ್ಲವೇ ಇಲ್ಲ. ಆ ಹಲಗೆಯಿಂದ ‘ಅಕ್ಕ’ ಎಂದು ಜೋಡಿಸಲೂ ಸಾಧ್ಯವಿಲ್ಲ. ಮಾರಿದವರನ್ನು ಕೇಳಿದ್ದಕ್ಕೆ ಒತ್ತುಗಳು ಮುಂದಿನ ಕಂತಿನಲ್ಲಿ ಬರುತ್ತವೆಂಬ ಉತ್ತರ ಬಂತು. ಆ ಕಂತು ಇನ್ನೂ ಬಂದಿಲ್ಲ.

ಬಳಿಕ ಪದಗಳ ಕಾರ್ಡುಗಳನ್ನು ನಾನೇ ಯೂನಿಕೋಡಿನಲ್ಲಿ ಟೈಪು ಮಾಡಿ ಮುದ್ರಣದ ಅಂಗಡಿಗೆ ಕೊಟ್ಟೆ. ಅಲ್ಲಿಯ ಹಳೆಯ ತಂತ್ರಾಂಶದಲ್ಲಿ ತೆರೆದೊಡನೆ ಒತ್ತುಗಳು ಅಕ್ಷರಗಳಿಂದ ಕಳಚಿಕೊಂಡು ಪಕ್ಕಕ್ಕೆ ಬಂದು ನಿಂತವು. ‘ನೀವು ಹೋಗಿ ಬನ್ನಿ ಸಾರ್, ನಾನೇ ಹೊಸದಾಗಿ ಹೊಡೆಸಿರುತ್ತೇನೆ’ ಎಂದು ಅಂಗಡಿಯವರು ಹೇಳಿದರು. ಸಂಜೆ ಹೋಗುವಷ್ಟರಲ್ಲಿ ಎಲ್ಲ ಕಾರ್ಡುಗಳಿಗೂ ಲ್ಯಾಮಿನೇಶನ್ ಆಗಿತ್ತು, ಮತ್ತು ಅರ್ಕಾವೊತ್ತು (‘ಸೂರ್ಯ’ದಲ್ಲಿ ರಕಾರವನ್ನು ಸೂಚಿಸುವ ಚಿಹ್ನೆ) ಇರಬೇಕಾದ ಕಡೆಯಲ್ಲೆಲ್ಲ ಒಂಬತ್ತರ ಅಂಕಿ ಕುಳಿತಿತ್ತು: ಸೂಯ೯, ಮಾಗ೯, ಕನಾ೯ಟಕ. ಕಣ್ಣಿಗೆ ಎರಡೂ ಬಹುತೇಕ ಒಂದೇ ಎಂಬುದು ನಿಜ. ಅಂಗಡಿ ಫಲಕಗಳಲ್ಲಿಯೂ ಹಳೆಯ ಜಾಲತಾಣಗಳಲ್ಲಿಯೂ ಈ ‘ಕನಾ೯ಟಕ’ ಧಾರಾಳವಾಗಿ ಸಿಗುತ್ತದೆ, ಗಣಕದಲ್ಲಿ ‘ಕರ್ನಾಟಕ’ ಎಂದು ಹುಡುಕಿದರೆ ಮಾತ್ರ ಸಿಗುವುದಿಲ್ಲ. ಕನ್ನಡ ಅಂಕಿಗಳನ್ನು ಮೊದಲೇ ಕಲಿತಿದ್ದ ಮಗಳು ಕಾರ್ಡನ್ನು ನೋಡಿ ‘ಸೂಯ ಒಂಬತ್ತು’ ಎಂದು ಓದಿದಳು. ದುಡ್ಡು ಕೊಟ್ಟವನ ಮುಖ ಹೇಗಿದ್ದಿರಬಹುದೆಂದು ಊಹಿಸಿಕೊಳ್ಳಿ.

ಕೊನೆಗೆ ಕೆಲಸಕ್ಕೆ ಬಂದದ್ದು ಸ್ಪೈರಲ್ ಬೈಂಡಿಂಗಿಗೆ ಮೇಲೆ ಹಾಕುವ ಪಾರದರ್ಶಕ ಹಾಳೆ. ಓಎಚ್‌ಪಿ (ಹಳೆಯ ಪ್ರೊಜೆಕ್ಟರಿನ) ಹಾಳೆ ಕೇಳಿದರೆ ಈಗಿನ ಸ್ಟೇಶನರಿ ಅಂಗಡಿಯ ಹುಡುಗರು ನಮ್ಮನ್ನು ವಸ್ತುಸಂಗ್ರಹಾಲಯಕ್ಕೆ ಸೇರಿದವರಂತೆ ನೋಡುತ್ತಾರೆ. ಬೈಂಡಿಂಗ್ ಹಾಳೆ ಎಲ್ಲ ಜೆರಾಕ್ಸ್ ಅಂಗಡಿಗಳಲ್ಲಿಯೂ ಇದೆ. ಬರೆಯಲು ಸಿಡಿ ಮಾರ್ಕರ್ ಬೇಕು, ಬಿಳಿ ಹಲಗೆಯ ಮಾರ್ಕರ್ ಕೈಗೆ ಅಂಟುತ್ತದೆ. ದಪ್ಪ ರಟ್ಟಿನ ಮೇಲೆ ತಲಕಟ್ಟು ತೆಗೆದ ಬೋಳು ವ್ಯಂಜನ. ತಲಕಟ್ಟಿಗೂ ಗುಡಿಸಿಗೂ ಏತ್ವಕ್ಕೂ ಒಂದೊಂದು ಹಾಳೆ, ಪ್ರತಿ ಒತ್ತಿಗೂ ಒಂದು ಹಾಳೆ. ಜ, ಣ, ಬಗಳಿಗೆ ತಲಕಟ್ಟೇ ಇಲ್ಲವಾದ್ದರಿಂದ ಅವುಗಳ ಇಕಾರದ ರೂಪಗಳನ್ನು ಬೇರೆಯಾಗಿಯೇ ಬರೆದುಕೊಳ್ಳಬೇಕಾಯಿತು.

ಓದಿಸುವುದನ್ನು ಪೂರ್ತಿ ನಿಲ್ಲಿಸಿ ಕಟ್ಟಿಸುವುದನ್ನು ಹಿಡಿದೆವು. ನಾನು ‘ಭಕ್ತಿ’ ಎನ್ನುತ್ತೇನೆ. ಅವಳು ನಿಧಾನವಾಗಿ ಭ, ಕ್, ತ್, ಇ ಎಂದು ಬಿಡಿಸಿ ಹೇಳಿ, ಕಿವಿಗೆ ಬಿದ್ದ ಕ್ರಮದಲ್ಲೇ ಕೈಯಾಡಿಸುತ್ತಾಳೆ: ಮೊದಲು ಬೋಳು ಕಕಾರದ ರಟ್ಟು, ಅದರ ಮೇಲೆ ತ ಒತ್ತಿನ ಹಾಳೆ, ಎಲ್ಲಕ್ಕೂ ಕೊನೆಯಲ್ಲಿ ಗುಡಿಸಿನ ಹಾಳೆ. ಗುಡಿಸು ಕಾಣುವುದು ಮೇಲೆಯೇ, ಆದರೆ ಬಂದದ್ದು ಕೊನೆಯಲ್ಲಿ. ಜಾಗದಲ್ಲಿ ಮುಚ್ಚಿಹೋಗಿದ್ದ ಕ್ರಮ ಕೈಯ ಕೆಲಸದಲ್ಲಿ ಉಳಿದುಕೊಂಡಿತು. ಹೀಗೆ ಹತ್ತಾರು ಪದ ಕಟ್ಟಿದ ಮೇಲೆ ‘ಶಕ್ತಿ’, ‘ಮುಕ್ತಿ’, ‘ಮೈತ್ರಿ’ಗಳನ್ನು ಅವಳು ಹಾಳೆಯಿಲ್ಲದೆಯೇ ಓದಿದಳು. ‘ರಾಷ್ಟ್ರ’ದ ಜೋಡಿ ಒತ್ತಿಗೂ ಅಂಜಲಿಲ್ಲ.

ಉಳಿದದ್ದು ಅರ್ಕಾವೊತ್ತು. ಎಲ್ಲ ಒತ್ತುಗಳೂ ಉಚ್ಚಾರದಲ್ಲಿ ಹಿಂದೆ ಬಂದರೆ ಇದೊಂದು ಮುಂದೆ ಬಂದು ಹಿಂದೆ ನಿಲ್ಲುತ್ತದೆ. ‘ಚಕ್ರ’ದಲ್ಲಿ ರಕಾರ ಕೆಳಗಿದೆ, ಕಕಾರದ ನಂತರ ಕೇಳುತ್ತದೆ; ‘ತರ್ಕ’ದಲ್ಲಿ ಪಕ್ಕದಲ್ಲಿದೆ, ಕಕಾರಕ್ಕಿಂತ ಮೊದಲೇ ಕೇಳುತ್ತದೆ. ಇದಕ್ಕೆ ನಾವು ಮಾಡಿಕೊಂಡದ್ದು ಬಸ್ಸಿನ ಕಾನೂನು: ಮೊದಲು ಹತ್ತಿದ ವ್ಯಂಜನಕ್ಕೆ ಸೀಟು, ಆಮೇಲೆ ಬಂದದ್ದು ಕೆಳಗೆ, ರಕಾರ ಮಾತ್ರ ಮೊದಲು ಹತ್ತಿಯೂ ಇನ್ನೊಬ್ಬರು ಬಂದೊಡನೆ ಸೀಟು ಬಿಟ್ಟು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುವ ಸಂಭಾವಿತ. ‘ಸೂರ್ಯ’ಕ್ಕೆ ಅವಳು ‘ಸೂ’ ಆದ ಮೇಲೆ ರಕಾರವನ್ನು ಇಡುತ್ತಾಳೆ, ಯಕಾರ ಬಂದೊಡನೆ ಅದನ್ನು ಎತ್ತಿಬಿಟ್ಟು, ಯಕಾರದ ಬಲಗಡೆಗೆ ಅರ್ಕಾವೊತ್ತಿನ ಹಾಳೆಯನ್ನು ಇಡುತ್ತಾಳೆ. ಆ ಎತ್ತುವ ಕೆಲಸವನ್ನು ಅವಳೇ ಮಾಡಬೇಕು. ನಾನು ಮಾಡಿ ತೋರಿಸಿದಾಗ ಏನೂ ಪ್ರಯೋಜನವಾಗಲಿಲ್ಲ. ಕೆಲವು ದಿನಗಳಲ್ಲೇ ‘ಮಾರ್ಗ’, ‘ಅರ್ಧ’, ‘ಕೀರ್ತಿ’ ಎಲ್ಲವೂ ಸಲೀಸಾದವು. ಅಷ್ಟರಲ್ಲಿ ಪತ್ರಿಕೆ ಹಿಡಿದು ಬಂದು, ‘ಅಪ್ಪ, ಇಲ್ಲಿ ರಕಾರ ಸೀಟು ಬಿಟ್ಟೇ ಇಲ್ಲ’ ಎಂದು ದೂರಿದಳು. ಅಲ್ಲಿದ್ದದ್ದು ‘ರ‍್ಯಾಲಿ’. ಪದದ ಆರಂಭದಲ್ಲಿ ಅರ್ಕಾವೊತ್ತು ಬಂದರೆ ಓದಲು ತೊಡಕಾಗುವುದರಿಂದ ರ‍್ಯಾಲಿ, ರ‍್ಯಾಂಕ್‌ಗಳಲ್ಲಿ ರಕಾರವನ್ನು ನಿಲ್ಲಿಸಿ ಯ ಒತ್ತನ್ನು ಕೆಳಗೆ ಕೊಡುವ ರೂಢಿಯಿದೆ. ಪದದ ಮೊದಲಿಗೇ ಹತ್ತಿದವನಾದ್ದರಿಂದ ಏಳಬೇಕಾಗಿಲ್ಲ ಎಂದು ಅವಳೇ ತಿದ್ದುಪಡಿ ಸೇರಿಸಿಕೊಂಡಳು.

‘ಸೂರ್ಯ’ನನ್ನೇ ಇಷ್ಟು ಹಟದಿಂದ ಹಿಡಿದದ್ದಕ್ಕೆ ಕಾರಣವಿದೆ. ಮುಂದಿನ ಯೋಜನೆ ತಾರಸಿಯ ಮೇಲಿನ ನೆರಳುಗೋಲು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬರುವುದರಿಂದ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ದೇಶದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿರುವುದರಿಂದ, ಸುಮಾರು 77.6 ಡಿಗ್ರಿಯಲ್ಲಿರುವ ನಮಗೆ ನೆತ್ತಿಯ ಹೊತ್ತು ಇಪ್ಪತ್ತು ನಿಮಿಷದಷ್ಟು ತಡ. ಕೋಲನ್ನು ನೆಟ್ಟಗೆ ನಿಲ್ಲಿಸಲು ಗಾರೆಯವರ ತೂಗುಗುಂಡನ್ನು ಎರವಲು ತಂದಾಗಿದೆ. ನೆರಳಿನ ಉದ್ದವನ್ನು ದಿನವೂ ಅವಳೇ ಅಳೆದು, ಅವಳೇ ಪುಸ್ತಕದಲ್ಲಿ ಬರೆಯಬೇಕು.

ಬರೆಯಲು ಹೋದಾಗ ಹೊಸ ಗ್ರಹಚಾರ ತಗುಲಿಕೊಂಡಿದೆ: ‘ಮಧ್ಯಾಹ್ನ’. ನಮ್ಮೆಲ್ಲರ ಬಾಯಲ್ಲಿ ಅದು ‘ಮಧ್ಯಾನ್ಹ’ ಎಂದೇ ಬರುತ್ತದೆ, ಆದ್ದರಿಂದ ಕಿವಿಯನ್ನು ನಂಬಿದ ಮಗಳು ನಕಾರಕ್ಕೆ ಸೀಟು ಕೊಟ್ಟು ಹಕಾರವನ್ನು ಕೆಳಗೆ ಕೂರಿಸಿದಳು. ನಾವೇ ಮಾಡಿದ ಕಾನೂನಿನ ಪ್ರಕಾರ ಅವಳದು ಸರಿ. ‘ಚಿಹ್ನೆ’, ‘ಬ್ರಹ್ಮ’ಗಳದೂ ಇದೇ ಪಾಡು. ಸದ್ಯಕ್ಕೆ ನೆರಳಿನ ಪುಸ್ತಕದಲ್ಲಿ ಹೊತ್ತನ್ನು ಅಂಕಿಯಲ್ಲೇ ಬರೆಯುವುದೆಂದು ಒಪ್ಪಂದವಾಗಿದೆ. ಈ ಹಕಾರವನ್ನು ತಮ್ಮ ಮಕ್ಕಳಿಗೆ ದಾಟಿಸಿರುವವರು ಯಾವ ಉಪಾಯದಿಂದ ದಾಟಿಸಿದರೆಂಬುದನ್ನು ದಯವಿಟ್ಟು ತಿಳಿಸಬೇಕು. ಏಪ್ರಿಲ್ ಬರುವುದರೊಳಗೆ ತಿಳಿಸಿದರೆ ಇನ್ನೂ ಒಳ್ಳೆಯದು.