ಅಂಬರಿನೊಳಗಿನ ಮೂತಿಹುಳು

ಇಂದು ಬೆಳಿಗ್ಗೆ ಮೊರದಲ್ಲಿ ಅಕ್ಕಿ ಕೇರುವಾಗ ಕಂಡ ಮೂತಿಹುಳುವನ್ನು ಎಸೆಯದೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ: ಸೊಂಡಿಲಿನಂತೆ ಚಾಚಿದ ಮೂತಿ, ಅದರ ಇಕ್ಕೆಲಗಳಿಂದ ಹೊರಟು ಮೊಣಕೈಯಂತೆ ಮಡಚಿಕೊಂಡ ಮೀಸೆಗಳು. ಮ್ಯಾನ್ಮಾರ್‌ನ ಕಚಿನ್ ಪ್ರಾಂತ್ಯದ ಅಂಬರಿನಲ್ಲಿ, ಅಂದರೆ ಸುಮಾರು 9.9 ಕೋಟಿ ವರ್ಷಗಳ ಹಿಂದೆ ಮರದಿಂದ ಒಸರಿ ಗಟ್ಟಿಯಾದ ರಾಳದಲ್ಲಿ, ಸಿಕ್ಕಿಬಿದ್ದ ಇದರ ದೂರದ ನೆಂಟರ ಬಗ್ಗೆ ಒಂದು ವಾರದಿಂದ ಓದುತ್ತಿರುವುದೇ ಈ ಕುತೂಹಲಕ್ಕೆ ಕಾರಣ. 2006ರಲ್ಲಿ ಕೀಟವಿಜ್ಞಾನಿ ಜಾರ್ಜ್ ಪೊಯ್ನಾರ್ ಅವರು ಅಲ್ಲಿಂದ ಮೀಸೊಫೈಲೆಟಿಸ್ ಕ್ಯಾಲ್ಹೂನಿ ಎಂಬ ಹೊಸ ಮೂತಿಹುಳು ಪ್ರಭೇದವನ್ನು ವರ್ಣಿಸಿದರು; ಅದು ಸೇರಿದ, ಡೈನೋಸಾರ್‌ಗಳ ಕಾಲದ ಗುಂಪಿನ ಹಲವು ಹುಳುಗಳಲ್ಲಿಯೂ ಮೀಸೆ ಹೀಗೆಯೇ ಮಡಚಿದೆ.

ವರ್ಣನೆ ಎಂದರೆ ಹೆಸರಿಡುವುದಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಅಂಬರಿನ ತುಣುಕನ್ನು ಹುಳುವಿಗೆ ತಾಗದಂತೆ ಉಜ್ಜಿ, ನಯಗೊಳಿಸಿ, ಗಾಳಿಗುಳ್ಳೆ ಮತ್ತು ಬಿರುಕುಗಳ ನಡುವೆಯೇ ಮೂತಿಯ ಉದ್ದ, ಮೀಸೆ ಹುಟ್ಟುವ ಜಾಗ, ಪಾದದ ಖಂಡಗಳು, ಉಗುರಿನ ಆಕಾರ ಇವೆಲ್ಲವನ್ನೂ ಅಳೆದು, ಈಗಾಗಲೇ ತಿಳಿದಿರುವ ಪ್ರಭೇದಗಳೊಂದಿಗೆ ಹೋಲಿಸಿದ ಮೇಲಷ್ಟೇ ‘ಇದು ಹೊಸದು’ ಎನ್ನಲು ಸಾಧ್ಯ. ಹೆಸರು ಹೊತ್ತ ಆ ಒಂದು ಮಾದರಿಯನ್ನು ಮುಂದಿನವರು ಮರುಪರಿಶೀಲಿಸಲು ಸಂಗ್ರಹಾಲಯದಲ್ಲಿ ಕಾಪಿಡಬೇಕು. (ಕಚಿನ್‌ನ ಗಣಿಗಳ ಸುತ್ತಲಿನ ಸಂಘರ್ಷದಿಂದಾಗಿ ಈಗ ಆ ಅಂಬರನ್ನು ಕೊಳ್ಳುವುದೇ ಸರಿಯೇ ಎಂಬ ಚರ್ಚೆಯೂ ಇದೆ, ಅದು ನ್ಯಾಯವಾದ ಚರ್ಚೆಯೆಂದೇ ನನಗನ್ನಿಸುತ್ತದೆ.)

ಇಷ್ಟು ಯೋಚಿಸುವಷ್ಟರಲ್ಲಿ ನನ್ನ ಹುಳು ಮೊರದ ಅಂಚು ದಾಟಿ ಮತ್ತೆ ಅಕ್ಕಿ ಡಬ್ಬಿಯ ಕಡೆಗೇ ನಡೆದಿತ್ತು.