‘ಸ್ಕಿಡ್ಯಾಡಲ್’ ಗ್ರೀಕ್ ಪದವೇ?

ಇಂಗ್ಲಿಷಿನ ‘ಸ್ಕಿಡ್ಯಾಡಲ್’ ಎಂಬ ಆಡುಮಾತಿನ ಕ್ರಿಯಾಪದದ ಅರ್ಥವೇನು, ಅದು ಗ್ರೀಕ್ ಭಾಷೆಯಿಂದ ಬಂದದ್ದು ನಿಜವೇ ಎಂದು ಪದಗಳ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ. ಅರ್ಥದಲ್ಲಿ ಗೊಂದಲವಿಲ್ಲ: ಅವಸರದಿಂದ ಜಾಗ ಖಾಲಿ ಮಾಡುವುದು, ಕಾಲಿಗೆ ಬುದ್ಧಿ ಹೇಳುವುದು. ಕೆಲಸವನ್ನು ಬೇಗ ಮುಗಿಸುವ ಆತುರಕ್ಕೆ ಈ ಪದ ಸಲ್ಲದು; ಇದ್ದಲ್ಲಿಂದ ಹೊರಟುಹೋಗುವ ಆತುರಕ್ಕೆ ಮಾತ್ರ ಸಲ್ಲುತ್ತದೆ.

ಪದವನ್ನು ಬಳಕೆಗೆ ತಂದದ್ದು ಅಮೆರಿಕದ ಅಂತರ್ಯುದ್ಧ. ಯುದ್ಧ ಆರಂಭವಾದ 1861ರ ಆಗಸ್ಟ್ ತಿಂಗಳಲ್ಲೇ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಇದನ್ನು ಅಚ್ಚುಮಾಡಿ, ಅಪಾಯ ಎದುರಾದಾಗ ದಕ್ಷಿಣದ ಬಂಡುಕೋರರು ತಮ್ಮ ಕಾಲುಗಳನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುವುದಕ್ಕೆ ಉತ್ತರದ ಸೈನಿಕರು ಹೀಗೆನ್ನುತ್ತಾರೆ ಎಂಬ ವಿವರಣೆಯನ್ನೂ ಜೊತೆಗೆ ಕೊಟ್ಟಿತು. ಅಂಥ ವಿವರಣೆ ಬೇಕಾಯಿತೆಂದರೆ, ಪತ್ರಿಕೆಯ ಓದುಗರಿಗೆ ಪದ ಆಗಿನ್ನೂ ಹೊಸದಾಗಿತ್ತು ಎಂದೇ ತಿಳಿಯಬೇಕು. ಶತ್ರುವನ್ನು ಹಂಗಿಸಲು ಹುಟ್ಟಿದ ಮಾತು ಬಹುಬೇಗ ಎಲ್ಲ ಬಗೆಯ ಪಲಾಯನಕ್ಕೂ ಅನ್ವಯಿಸತೊಡಗಿತು; ಸೈನ್ಯಕ್ಕೆ ಸೇರುವುದನ್ನು ತಪ್ಪಿಸಿಕೊಂಡು ಕೆನಡಾಕ್ಕೆ ಓಡಿದವರಿಗೂ ಇದರಿಂದಲೇ ಹೆಸರು ಬಂತು.

ಇನ್ನು ಗ್ರೀಕ್ ಮೂಲದ ಮಾತು. ಚದುರಿಸು ಎಂಬರ್ಥದ ‘ಸ್ಕೆಡಾನ್ನುಮಿ’ ಎಂಬ ಕ್ರಿಯಾಪದ ಗ್ರೀಕಿನಲ್ಲಿ ಇರುವುದು ನಿಜ, ಧ್ವನಿಯೂ ಅರ್ಥವೂ ಹತ್ತಿರವಾಗಿರುವುದೂ ನಿಜ. ಕಾಲೇಜಿನಲ್ಲಿ ಗ್ರೀಕ್ ಕಲಿತ ಯಾರೋ ಸೈನಿಕ ಇದನ್ನು ವಿನೋದಕ್ಕಾಗಿ ಕಟ್ಟಿರಬಹುದೆಂಬ ಊಹೆ ಅಸಾಧ್ಯವೇನಲ್ಲ. ಆದರೆ ಅದಕ್ಕೆ ಆಧಾರವಿಲ್ಲ. ಹಾಲು ಚೆಲ್ಲುವುದಕ್ಕೆ ಸ್ಕಾಟ್ಲೆಂಡಿನ ಜನ ಬಳಸುತ್ತಿದ್ದ ಇಂಥದೇ ಪದದಿಂದ ಇದು ಬಂದಿತೆನ್ನುವ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಸ್ಕಾಟಿಷ್ ವಲಸಿಗರು ಅಮೆರಿಕದಲ್ಲಿ ಬಹುಕಾಲದಿಂದ ನೆಲೆಸಿದ್ದರು. ಅದೂ ಸಿದ್ಧವಾಗಿಲ್ಲ.

ಇದೇ ಅರ್ಥದ ‘ವಮೂಸ್’ ಪದವನ್ನು ನೋಡಿ: ‘ಹೋಗೋಣ’ ಎನ್ನುವ ಸ್ಪ್ಯಾನಿಷಿನ ‘ವಾಮೋಸ್’ನಿಂದ ಅದು ಬಂದಿತೆಂದು ಧೈರ್ಯವಾಗಿ ಹೇಳಬಹುದು, ಏಕೆಂದರೆ ನೈಋತ್ಯ ಅಮೆರಿಕದಲ್ಲಿ ಎರಡೂ ಭಾಷೆಗಳ ಜನ ಅಕ್ಕಪಕ್ಕದಲ್ಲೇ ಬದುಕುತ್ತಿದ್ದರು. ಸ್ಕಿಡ್ಯಾಡಲ್‌ಗೆ ಅಂಥ ದಾರಿಯನ್ನು ಯಾರೂ ಖಚಿತವಾಗಿ ತೋರಿಸಿಲ್ಲ. ಹಾಗಾಗಿ ಜವಾಬ್ದಾರಿಯುತ ನಿಘಂಟುಗಳು ‘ಮೂಲ ಅನಿಶ್ಚಿತ’ ಎಂದೇ ಬರೆಯುತ್ತವೆ. ನನ್ನ ಉತ್ತರವೂ ಅದೇ.