ಕಳ್ಳನೆಂದು ಮನೆಯವನನ್ನೇ ಹಿಡಿದ ಸರ್ವರ್

ಹಳ್ಳಿಯ ಹಾಲಿನ ಡೇರಿಗಳು ಲೆಕ್ಕ ಬರೆಯುವ ಒಂದು ಆ್ಯಪ್‌ನಲ್ಲಿ ಲಾಗಿನ್ ಭಾಗ ನನ್ನದು. ಬೆಳಗ್ಗೆ ಆರಕ್ಕೆ ಜನ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ. ಸೆಕ್ರೆಟರಿ ಹಾಲು ಅಳೆದು, ಫ್ಯಾಟ್ ನೋಡಿ, ಫೋನಿನಲ್ಲಿ ಎಂಟ್ರಿ ಹಾಕುತ್ತಾರೆ. ಅರ್ಧ ನಿಮಿಷ ತಡವಾದರೂ ಸಾಲಿನಲ್ಲಿ ಗೊಣಗಾಟ ಶುರು.

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. “ನಿಮ್ಮ ಆ್ಯಪ್ ಎರಡು ದಿನಕ್ಕೊಮ್ಮೆ ನನ್ನನ್ನ ಹೊರಗೆ ಹಾಕ್ತದೆ ಮಾರಾಯ್ರೇ. ಒಟಿಪಿ ಬರೋ ಹೊತ್ತಿಗೆ ಅದರ ಟೈಮೇ ಮುಗಿದಿರ್ತದೆ.” ಫೋನ್ ಹಳೆಯದಿರಬೇಕು ಎಂದುಕೊಂಡು ಸುಮ್ಮನಾದೆ. ಆ ವಾರ ಅಂಥವೇ ಇನ್ನಷ್ಟು ಕರೆ ಬಂದವು. ಎಲ್ಲವೂ ಮಲೆನಾಡಿನವು. ಬಯಲುಸೀಮೆಯಿಂದ ಒಂದೂ ಇಲ್ಲ. ಆಗ ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್, ತೆಗೆದು ಕೂತೆ.

ಆ್ಯಪ್ ನಮ್ಮನ್ನು ಲಾಗಿನ್‌ನಲ್ಲೇ ಇಟ್ಟುಕೊಳ್ಳುವುದು ಎರಡು ಟೋಕನ್‌ಗಳ ಬಲದಿಂದ. ಟೋಕನ್ ಎಂದರೆ ‘ಇವರು ಲಾಗಿನ್ ಆದವರು’ ಎಂದು ತೋರಿಸಲು ಸರ್ವರ್ ಫೋನಿಗೆ ಕೊಡುವ ಗುಟ್ಟಿನ ಚೀಟಿ. ದಿನದ ಕೆಲಸಕ್ಕೆ ತೋರಿಸುವ ಆಕ್ಸೆಸ್ ಟೋಕನ್ ನಮ್ಮಲ್ಲಿ 15 ನಿಮಿಷಕ್ಕೆ ಮುಗಿಯುತ್ತದೆ. ರಿಫ್ರೆಶ್ ಟೋಕನ್ 60 ದಿನ ಬಾಳುತ್ತದೆ, ಅದನ್ನು ತೋರಿಸಿದರೆ ಹೊಸ ಆಕ್ಸೆಸ್ ಟೋಕನ್ ಸಿಗುತ್ತದೆ. ಅದನ್ನೇ ಯಾರಾದರೂ ಕದ್ದರೆ? ಅದಕ್ಕೆ ಬಳಸಿದ ಪ್ರತಿ ಸಲವೂ ಹಳೆಯ ರಿಫ್ರೆಶ್ ಟೋಕನ್ ರದ್ದು ಮಾಡಿ ಹೊಸದು ಕೊಡುತ್ತೇವೆ. ರದ್ದಾದದ್ದು ಮತ್ತೆ ಬಂದರೆ ಕಳ್ಳತನ ಎಂದು ತಿಳಿದು ಸರ್ವರ್ ಆ ಲಾಗಿನ್ನನ್ನೇ ಕಿತ್ತುಹಾಕುತ್ತದೆ. ಇದು ನಮ್ಮ ಸ್ವಂತ ಬುದ್ಧಿಯಲ್ಲ, ಇಂಥ ಲಾಗಿನ್‌ಗಳ ಭದ್ರತೆ ಹೇಗಿರಬೇಕೆಂದು ಹೇಳುವ, 2025ರಲ್ಲಿ ಬಂದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 9700 ಕೂಡ ಇದನ್ನೇ ಹೇಳುತ್ತದೆ.

ಲಾಗ್‌ನಲ್ಲಿ ಸಿಕ್ಕ ‘ಕಳ್ಳ’ರೆಲ್ಲ ಅದೇ ಫೋನಿನವರು! ಹಳೇ ಟೋಕನ್ ಎರಡನೇ ಸಲ ಬಂದದ್ದು ಐದೋ ಹತ್ತೋ ಸೆಕೆಂಡಿನಲ್ಲಿ. ಆಗುತ್ತಿದ್ದದ್ದು ಇಷ್ಟೇ. ಫೋನ್ ಟೋಕನ್ ಕಳಿಸುತ್ತದೆ, ಸರ್ವರ್ ಅದನ್ನು ರದ್ದು ಮಾಡಿ ಹೊಸದನ್ನು ಕಳಿಸುತ್ತದೆ, ಅಷ್ಟರಲ್ಲಿ ಸಿಗ್ನಲ್ ಹೋಗಿ ಉತ್ತರ ದಾರಿಯಲ್ಲೇ ಕಳೆದುಹೋಗುತ್ತದೆ. ಪಾಪ, ಫೋನಿನ ಹತ್ತಿರ ಇರುವುದು ಹಳೆಯದೇ. ಅದನ್ನೇ ಮತ್ತೆ ಕಳಿಸಿ ಹೊರಗೆ ಬೀಳುತ್ತದೆ. ನಾನು ಇದನ್ನು ಪರೀಕ್ಷಿಸಿದ್ದು ಬೆಂಗಳೂರಿನ ಆಫೀಸಿನ ವೈಫೈನಲ್ಲಿ. ಅಲ್ಲಿ ಇದು ಹೇಗೆ ಕಾಣಬೇಕು?

ನೋಡಿಯೇ ಬರೋಣ ಎಂದು ಒಂದು ಡೇರಿಗೆ ಹೋದೆ. ಪದೇ ಪದೇ ಕೇಳುತ್ತದೆ ಎಂದು ಒಟಿಪಿ ಜೊತೆ ಹಾಕಬೇಕಾದ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿದ್ದರು. ಭದ್ರತೆ ಎಂದು ನಾವು ಮಾಡಿದ್ದು ಅಲ್ಲಿಗೆ ಬಂದು ನಿಂತಿತ್ತು.

ಈಗ ಹಳೇ ಟೋಕನ್ 60 ಸೆಕೆಂಡಿನೊಳಗೆ ಮತ್ತೆ ಬಂದರೆ, ಮೊದಲು ಕೊಟ್ಟ ಉತ್ತರವನ್ನೇ ಸರ್ವರ್ ಮತ್ತೆ ಕೊಡುತ್ತದೆ. “ಆ ಒಂದು ನಿಮಿಷ ಕಳ್ಳನಿಗೂ ಸಿಗುತ್ತಲ್ವಾ?” ಎಂದು ಟೀಮಿನಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಹಾಗಾಗಿ ಆಂಡ್ರಾಯ್ಡ್ ಕೀಸ್ಟೋರ್‌ನಲ್ಲಿ, ಅಂದರೆ ಫೋನಿನೊಳಗಿನ ಗುಪ್ತ ಕೀಗಳ ತಿಜೋರಿಯಲ್ಲಿ, ಒಂದು ಕೀ ಇಟ್ಟು, ಫೋನ್ ಕಳಿಸುವ ಪ್ರತಿ ಕೋರಿಕೆಗೂ ಅದರಿಂದ ಡಿಜಿಟಲ್ ಸಹಿ ಹಾಕಿಸಿದೆವು. ಆ ಕೀಯನ್ನು ಆ್ಯಪ್ ಕೂಡ ಹೊರಗೆ ತೆಗೆಯಲಾಗದು. ಟೋಕನ್ ಒಂದನ್ನೇ ಕದ್ದವನಿಗೆ ಏನೂ ಸಿಗುವುದಿಲ್ಲ.

“ಫಿಂಗರ್‌ಪ್ರಿಂಟ್ ಹಾಕಿಬಿಡಿ, ಮುಗೀತು” ಎಂದವರೂ ಇದ್ದರು. ಬೆರಳಚ್ಚು ನಮ್ಮ ಸರ್ವರಿಗೆ ಬರುವುದೇ ಇಲ್ಲ. ಫೋನಿನೊಳಗಿನ ಕೀಯನ್ನು ತೆರೆಯುವುದಷ್ಟೇ ಅದರ ಕೆಲಸ. ಟೋಕನ್ ಸತ್ತಿದ್ದರೆ ಯಾವ ಬೆರಳೂ ಅದನ್ನು ಬದುಕಿಸದು. ಜೊತೆಗೆ ಹಾಲು ಅಳೆಯುವ ಕೈ ಒದ್ದೆ, ಸೆನ್ಸರ್ ಓದುವುದೇ ಇಲ್ಲ. ಹಾಗಾಗಿ ಹಾಲಿನ ಎಂಟ್ರಿಗೆ ಬೆರಳು ಕೇಳುವುದಿಲ್ಲ. ರೈತರ ಬ್ಯಾಂಕ್ ಖಾತೆ ನಂಬರ್ ಬದಲಿಸುವಾಗ ಮಾತ್ರ ಬೆರಳು ಅಥವಾ ಫೋನಿನ ಪಿನ್ ಬೇಕು.

60 ಸೆಕೆಂಡು ಜಾಸ್ತಿ ಎಂದು ಈಗಲೂ ಆಗಾಗ ಮಾತು ಬರುತ್ತದೆ. ಮೊನ್ನೆ ಲಾಗ್ ನೋಡಿದೆ. ಮಳೆ ಜೋರಿದ್ದ ಒಂದು ಬೆಳಗ್ಗೆ ಒಂದು ಫೋನ್ ಎರಡನೇ ಸಲ ಕೇಳಿದ್ದು 47 ಸೆಕೆಂಡಿನ ನಂತರ. ಸದ್ಯಕ್ಕೆ 60 ಹಾಗೇ ಇರಲಿ ಎಂದಿದ್ದೇನೆ.